ಪಿಸ್ತೂಲು ಹಿಡಿದ ಮೆದು ಮನುಷ್ಯ

ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಎಂಬುದು ನಿಮಗೆ ಹೊಸದಲ್ಲ. ಹಾಗೆಯೇ ಬೆಳೆದ ಹುಡುಗನೊಬ್ಬ ಹಾಲಿವುಡ್ಡಿನ ಹೆಸರಾಂತ ಖಳನಟನಾದ ಕಥೆ ಇದು. ಆ ನಟರೇ ಎಡ್ವರ್ಡ್ ಜಿ. ರಾಬಿನ್ಸನ್.

ಇವರು ಹುಟ್ಟಿದ್ದು 1893ರಲ್ಲಿ, ರುಮೇನಿಯಾದ ಬುಖಾರೆಸ್ಟಿನಲ್ಲಿ. ಯಹೂದಿ ಮನೆತನ, ಮನೆಮಾತು ಯಿಡ್ಡಿಷ್, ಹೆತ್ತವರಿಟ್ಟ ಹೆಸರು ಇಮ್ಯಾನ್ಯುಯೆಲ್ ಗೋಲ್ಡನ್‌ಬರ್ಗ್. ಯಹೂದಿಗಳ ಮೇಲೆ ನಡೆಯುತ್ತಿದ್ದ ಹಿಂಸೆಗೆ ಬೇಸತ್ತು ಕುಟುಂಬ ಊರು ಬಿಟ್ಟಿತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಹುಡುಗನಿಗೆ ಹತ್ತು ವರ್ಷ. ಮುಂದೆ ನಾಟಕಶಾಲೆ ಸೇರಿದಾಗ ಹೆಸರು ಬದಲಾಯಿತು. ಹಳೆಯ ಮನೆತನದ ಗುರುತಾಗಿ ಉಳಿದದ್ದು 'ಜಿ' ಎಂಬ ಒಂದೇ ಅಕ್ಷರ.

ಹಲವು ವರ್ಷ ರಂಗಭೂಮಿಯಲ್ಲಿ ದುಡಿದರು. 1931ರಲ್ಲಿ 'ಲಿಟಲ್ ಸೀಸರ್' ಚಿತ್ರ ತೆರೆಕಂಡಿತು. ಅದರಲ್ಲಿ ರಿಕೋ ಎಂಬ ಗೂಂಡಾ ನಾಯಕನ ಪಾತ್ರವನ್ನು ಜನ ಬಹಳ ಮೆಚ್ಚಿದರು. ಆ ಮೆಚ್ಚುಗೆಯೇ ಕಾಲಿಗೆ ಬೇಡಿಯಾಯಿತು. ಕುಳ್ಳ ದೇಹ, ಗಡಸು ಮುಖ, ಬಾಯಲ್ಲಿ ಸಿಗಾರು. ಸ್ಟುಡಿಯೋದವರು ಮತ್ತೆ ಮತ್ತೆ ಪಿಸ್ತೂಲನ್ನೇ ಕೈಗಿತ್ತರು. ನಿಜಜೀವನದಲ್ಲಿ ಇವರಿಗೆ ಗುಂಡಿನ ಸದ್ದೇ ಆಗದು. ಕಣ್ಣು ಮಿಟುಕಬಾರದೆಂದು ರೆಪ್ಪೆಗೆ ಪಟ್ಟಿ ಅಂಟಿಸಿ ಚಿತ್ರೀಕರಿಸಿದರಂತೆ! ಗಳಿಸಿದ ಹಣವೆಲ್ಲ ಸೆಜಾನ್, ವ್ಯಾನ್ ಗೋ ಮೊದಲಾದವರ ಚಿತ್ರಗಳನ್ನು ಕೊಳ್ಳಲು ಹೋಗುತ್ತಿತ್ತು.

ಬೇರೆ ಪಾತ್ರ ಸಿಕ್ಕಾಗ ತಾವೇನೆಂದು ತೋರಿಸಿದರು. 1940ರಲ್ಲಿ ವೈದ್ಯ ವಿಜ್ಞಾನಿ ಎರ್ಲಿಖ್ ಆದರು. 1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ವಿಮಾ ಕಂಪನಿಯ ನೌಕರರಾದರು. ಸುಳ್ಳು ಕ್ಲೇಮು ಬಂದರೆ ಆ ನೌಕರನ ಒಡಲೊಳಗೇ ಏನೋ ಚುಚ್ಚುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಈ ಪಾತ್ರವೇ ಹೆಚ್ಚು ಇಷ್ಟ.

ಎರಡನೆಯ ಮಹಾಯುದ್ಧದಲ್ಲಿ ಇವರು ನಾಜಿಗಳ ಹಿಡಿತದಲ್ಲಿದ್ದ ಯುರೋಪಿನ ಜನರೊಡನೆ ರೇಡಿಯೋದಲ್ಲಿ ಹಲವು ಭಾಷೆಗಳಲ್ಲಿ ಮಾತಾಡಿದರು. ಹೀಗೆ ದೇಶಸೇವೆ ಮಾಡಿದವರ ಮೇಲೂ ಕಮ್ಯುನಿಸ್ಟರ ಸಂಗವೆಂಬ ಗುಮಾನಿ ಬಿತ್ತು. 1950ರಿಂದ 1952ರೊಳಗೆ ಒಂದಕ್ಕಿಂತ ಹೆಚ್ಚು ಸಲ ಸಂಸತ್ತಿನ ಸಮಿತಿಯ ಮುಂದೆ ನಿಂತು, ತಾನು ಆ ಪಕ್ಷದವನಲ್ಲ ಎಂದು ಹೇಳಬೇಕಾಯಿತು. ದೊಡ್ಡ ಪಾತ್ರಗಳು ಕೈತಪ್ಪಿದವು. ನಿಷ್ಠೆಗೆ ರುಜುವಾತು ಕೊಡಬೇಕಾದವನ ಸಂಕಟ ಎಂಥದೆಂದು ಗಡಿಯಲ್ಲಿ ಬಾಳುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

1956ರ 'ದಿ ಟೆನ್ ಕಮಾಂಡ್‌ಮೆಂಟ್ಸ್' ಚಿತ್ರದಲ್ಲಿ ನಿರ್ದೇಶಕ ಡಿಮಿಲ್ ಅವರು ಮತ್ತೆ ಕೈಹಿಡಿದರು. ಆದರೆ ವಿಚ್ಛೇದನದ ಕಾರಣ 1957ರಲ್ಲಿ ಪ್ರೀತಿಯ ಚಿತ್ರಸಂಗ್ರಹವನ್ನು ಮಾರಬೇಕಾಯಿತು. ಎದೆಗುಂದದೆ ಒಂದೊಂದಾಗಿ ಮತ್ತೆ ಕೂಡಿಸಿದರು.

ಇಷ್ಟು ದುಡಿದರೂ ಆಸ್ಕರ್ ಸ್ಪರ್ಧೆಯ ಪಟ್ಟಿಯಲ್ಲಿ ಒಮ್ಮೆಯೂ ಇವರ ಹೆಸರು ಬರಲಿಲ್ಲ. ಕೊನೆಗೆ ಗೌರವ ಆಸ್ಕರ್ ಘೋಷಣೆಯಾಯಿತು. 1973ರ ಜನವರಿ 26ರಂದು ತೀರಿಕೊಂಡರು. ಮಾರ್ಚ್ ತಿಂಗಳ ಸಮಾರಂಭದಲ್ಲಿ ಅದನ್ನು ಸ್ವೀಕರಿಸಿದವರು ಅವರ ಪತ್ನಿ.