ಸೂಜಿ, ಬರೆ ಮತ್ತು ಸೊಲ್ಲಾಪುರದ ವೈದ್ಯ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡವು ಕೃಷ್ಣಾ ನದಿಯ ಉತ್ತರ ದಂಡೆಯ ಕಡೆಗಿರುವ, ವೀರೇಶ ಶರಣರ ಹೆಸರಿನಿಂದ ನಾಡಿಗೆ ಪರಿಚಿತವಾದ ಊರು. ಈ ಊರಿನಿಂದ ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳವರೆಗೆ ಹರಡಿರುವ ಸೀಮೆಯಲ್ಲಿ ಮೈಯನ್ನು ಸುಟ್ಟು, ಗೀರಿ, ರಕ್ತ ಹೀರಿ ಬೇನೆಯನ್ನು ಕಳೆಯುವ ಪದ್ಧತಿಗಳು ಆಸ್ಪತ್ರೆಗಳು ಬರುವುದಕ್ಕೆ ಬಹುಕಾಲ ಮೊದಲೇ ಬೇರೂರಿದ್ದವು. ಸಣ್ಣ ಸೂಜಿಗಳನ್ನು ಮೈಯ ಗೊತ್ತಾದ ಬಿಂದುಗಳಲ್ಲಿ ಚುಚ್ಚುವ ಅಕ್ಯುಪಂಕ್ಚರ್ ಎಂಬ ಚೀನೀ ಚಿಕಿತ್ಸೆ ಈಚಿನ ದಶಕಗಳಲ್ಲಿ ಕರ್ನಾಟಕಕ್ಕೆ ಪರಿಚಯವಾದಾಗ, ಅದು ಇಲ್ಲಿಯೇ ಹುಟ್ಟಿ ಚೀನಾಕ್ಕೆ ಹೋಗಿ ಮರಳಿ ಬಂದ ವಿದ್ಯೆಯೆಂಬ ಮಾತು ಸುಲಭವಾಗಿ ಹಬ್ಬಿದ್ದಕ್ಕೆ ಈ ಹಳೆಯ ರೂಢಿಗಳ ನೆನಪೂ ಒಂದು ಕಾರಣವಿದ್ದೀತು. ಆದರೆ ದಾಖಲೆಗಳು ಹೇಳುವ ಚರಿತ್ರೆ ಬೇರೆಯಾಗಿದೆ. ಆ ಚರಿತ್ರೆಯ ಒಂದು ಮುಖ್ಯ ಕೊಂಡಿ ಈ ಸೀಮೆಗೆ ಹತ್ತಿರದ ನಗರವೊಂದರಲ್ಲಿ, ವಿಜಯಪುರದಿಂದ ಸುಮಾರು 100 ಕಿಲೋಮೀಟರ್ ದೂರದ ಸೊಲ್ಲಾಪುರದಲ್ಲಿದೆ.

ಹಳ್ಳಿಯ ಪದ್ಧತಿಗಳಲ್ಲಿ ಹೆಚ್ಚು ವ್ಯಾಪಕವಾಗಿದ್ದುದು ಬರೆ ಹಾಕುವುದು, ಅಂದರೆ ಕಾಯಿಸಿದ ಕಬ್ಬಿಣದಿಂದ ಅಥವಾ ಉರಿಯುವ ಕಡ್ಡಿಯಿಂದ ಚರ್ಮವನ್ನು ಸುಡುವುದು. ಕಾಮಣಿ ಎಂದು ಈ ಭಾಗದಲ್ಲಿ ಕರೆಯುವ ಕಾಮಾಲೆಗೆ, ಮಕ್ಕಳ ಹೊಟ್ಟೆಯುಬ್ಬರಕ್ಕೆ, ಕೀಲುನೋವಿಗೆ, ದನಗಳ ಕುಂಟುತನಕ್ಕೂ ಬರೆ ಹಾಕುತ್ತಿದ್ದರು. ಟೊಳ್ಳು ಕೊಂಬನ್ನು ಗೀರಿದ ಜಾಗದ ಮೇಲಿಟ್ಟು ರಕ್ತ ಹೀರಿ ತೆಗೆಯುವವರೂ, ಜಿಗಣೆ ಹಚ್ಚುವವರೂ ಇದ್ದರು. ಮೆಟ್ಟಿಲು ಬಾವಿಗಳ ನೀರಿನಿಂದ ಬರುತ್ತಿದ್ದ ನಾರುಹುಣ್ಣು ಉತ್ತರ ಕರ್ನಾಟಕವನ್ನು ಕಾಡುತ್ತಿದ್ದಾಗ, ಚರ್ಮದಿಂದ ತಲೆ ಹೊರಹಾಕಿದ ಉದ್ದನೆಯ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪಸ್ವಲ್ಪವಾಗಿ, ಹರಿಯದಂತೆ ಎಳೆದು ತೆಗೆಯುವ ಕೈಚಳಕವೂ ಹಳ್ಳಿಯವರಿಗೆ ತಿಳಿದಿತ್ತು. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ಅದು ತೊಲಗಿದ್ದು ಶುದ್ಧ ನೀರಿನಿಂದ ಮತ್ತು ನೀರನ್ನು ಸೋಸಿ ಕುಡಿಯುವ ಅಭ್ಯಾಸದಿಂದಲೇ ಹೊರತು ಯಾವ ಚುಚ್ಚುವಿಕೆಯಿಂದಲೂ ಅಲ್ಲ. ಎಳೆಯ ಮಕ್ಕಳಿಗೆ ಹಾಕಿದ ಬರೆಯಂತೂ ಬೇನೆಯನ್ನು ಕಳೆಯುವುದಕ್ಕಿಂತ ಗಾಯವನ್ನೂ ನಂಜನ್ನೂ ಕೊಟ್ಟದ್ದೇ ಹೆಚ್ಚು, ಆದ್ದರಿಂದ ಅದು ಮರೆಯಾಗುತ್ತಿರುವುದಕ್ಕೆ ಮರುಗಬೇಕಾಗಿಲ್ಲ.

ಈ ರೂಢಿಗಳ ಶಾಸ್ತ್ರೀಯ ರೂಪ ಸುಶ್ರುತಸಂಹಿತೆಯಲ್ಲಿ ದೊರೆಯುತ್ತದೆ. ಕಾಯಿಸಿದ ಸಲಾಕೆಯಿಂದ ಸುಡುವ ಅಗ್ನಿಕರ್ಮ, ಕೊಂಬು, ಜಿಗಣೆ, ಸೋರೆಬುರುಡೆಗಳಿಂದ ರಕ್ತ ತೆಗೆಯುವ ರಕ್ತಮೋಕ್ಷಣ, ಸಿರೆಯನ್ನು ಚುಚ್ಚುವ ಸಿರಾವ್ಯಧ, ಮಕ್ಕಳಿಗೆ ಕಿವಿ ಚುಚ್ಚುವ ಕರ್ಣವೇಧ ಇವೆಲ್ಲವೂ ಅಲ್ಲಿ ವಿವರವಾಗಿ ಬಂದಿವೆ. ಅಕ್ಯುಪಂಕ್ಚರಿನ ಮೂಲ ಭಾರತವೆಂದು ವಾದಿಸುವವರು ಸಾಮಾನ್ಯವಾಗಿ ಆಧಾರವಾಗಿ ತೋರಿಸುವುದು ಅದೇ ಗ್ರಂಥದ 107 ಮರ್ಮಗಳನ್ನು. ಆದರೆ ಮರ್ಮವೆಂದರೆ ಪೆಟ್ಟು ಬಿದ್ದರೆ ಪ್ರಾಣಕ್ಕೋ ಅಂಗಕ್ಕೋ ಹಾನಿಯಾಗುವ ಸ್ಥಾನ. ಶಸ್ತ್ರವೈದ್ಯನು ಅದನ್ನು ಅರಿತು ತನ್ನ ಶಸ್ತ್ರವನ್ನು ಅಲ್ಲಿಂದ ದೂರವಿಡಬೇಕೆಂಬುದು ಸುಶ್ರುತನ ಉಪದೇಶ. ಚೀನೀ ವೈದ್ಯನ ಬಿಂದುವಾದರೋ ಸೂಜಿಯನ್ನು ಇಳಿಸಲೆಂದೇ ಗುರುತಿಸಿದ ಸ್ಥಾನ. ಒಂದು ಎಚ್ಚರಿಕೆಯ ನಕ್ಷೆ, ಇನ್ನೊಂದು ಚಿಕಿತ್ಸೆಯ ನಕ್ಷೆ. ಎರಡನ್ನೂ ಒಂದೇ ಎನ್ನುವುದು ಸುಶ್ರುತನಿಗೂ ಚೀನೀಯರಿಗೂ ನ್ಯಾಯ ಮಾಡಿದಂತಾಗುವುದಿಲ್ಲ.

ಚೀನಾದಲ್ಲಿ ಈ ಚಿಕಿತ್ಸೆ ಬೆಳೆದ ಬಗೆಯನ್ನು ಉತ್ಖನನಗಳೂ ಗ್ರಂಥಗಳೂ ಸಾಕಷ್ಟು ಸ್ಪಷ್ಟಪಡಿಸಿವೆ. ಕ್ರಿ.ಪೂ. 168ರಲ್ಲಿ ಮುಚ್ಚಲಾದ ಮಾವಾಂಗ್‌ದುಯಿ ಸಮಾಧಿಯಲ್ಲಿ ಸಿಕ್ಕ ರೇಷ್ಮೆಯ ಮೇಲಿನ ಬರಹಗಳಲ್ಲಿ ದೇಹದೊಳಗಿನ ನಾಳಗಳ ವಿವರವೂ ಒಣಗಿದ ಮಾಚಿಪತ್ರೆ ಜಾತಿಯ ಸೊಪ್ಪನ್ನು ಚರ್ಮದ ಮೇಲೆ ಉರಿಸುವ ಚಿಕಿತ್ಸೆಯೂ ಇವೆ, ಸೂಜಿಯ ಚಿಕಿತ್ಸೆ ಮಾತ್ರ ಇನ್ನೂ ಕಾಣುವುದಿಲ್ಲ. ಮುಂದಿನ ಒಂದೆರಡು ಶತಮಾನಗಳಲ್ಲಿ ರೂಪುಗೊಂಡ ‘ಹ್ವಾಂಗ್‌ಡಿ ನೇಜಿಂಗ್’ ಎಂಬ ಗ್ರಂಥಸಮೂಹದಲ್ಲಿ ಸೂಜಿಗೆ ಪ್ರಧಾನ ಸ್ಥಾನ ದೊರೆಯಿತು. ‘ಚಿ’ ಎಂಬ ಪ್ರಾಣಶಕ್ತಿಯು ನಾಳಗಳಲ್ಲಿ ಅಡೆತಡೆಯಿಲ್ಲದೆ ಹರಿಯುವುದೇ ಆರೋಗ್ಯ, ಆ ಹರಿವು ತಡೆದಾಗ ಅಥವಾ ಮೇರೆ ಮೀರಿದಾಗ ಸೂಜಿಯಿಂದ ಅದನ್ನು ಸರಿಪಡಿಸಬೇಕು ಎಂಬುದು ಅದರ ತತ್ತ್ವ. ಕ್ರಿ.ಶ. ಮೂರನೆಯ ಶತಮಾನದಲ್ಲಿ ಹ್ವಾಂಗ್‌ಫು ಮಿ ಎಂಬ ವಿದ್ವಾಂಸನು ಸೂಜಿ ಮತ್ತು ಸುಡುವಿಕೆಗಳಿಗೇ ಮೀಸಲಾದ ಗ್ರಂಥವನ್ನು ರಚಿಸಿ ಸುಮಾರು 350 ಬಿಂದುಗಳನ್ನು ಹೆಸರಿಸಿದನು. ಹನ್ನೊಂದನೆಯ ಶತಮಾನದಲ್ಲಿ ಸಾಂಗ್ ಅರಸರ ಆಸ್ಥಾನವೈದ್ಯ ವಾಂಗ್ ವೇಯಿಯಿ ಬಿಂದುಗಳನ್ನು ಗುರುತಿಸಿದ ಕಂಚಿನ ಮಾನವಾಕೃತಿಗಳನ್ನು ಎರಕ ಹೊಯ್ಯಿಸಿ ವಿದ್ಯಾರ್ಥಿಗಳ ಪರೀಕ್ಷೆಗೆ ಬಳಸಿದನು. ಇಷ್ಟು ಪ್ರತಿಷ್ಠೆಯ ವಿದ್ಯೆಯನ್ನು 1822ರಲ್ಲಿ ಚೀನೀ ಚಕ್ರವರ್ತಿಯೇ ರಾಜವೈದ್ಯಶಾಲೆಯಿಂದ ತೆಗೆಸಿಹಾಕಿದನು. 1929ರಲ್ಲಂತೂ ಪಾರಂಪರಿಕ ವೈದ್ಯವನ್ನೇ ರದ್ದುಪಡಿಸುವ ಪ್ರಸ್ತಾವ ಅಲ್ಲಿನ ಸರಕಾರದ ಮುಂದೆ ಬಂದಿತು.

ಪರದೇಶದ ವೈದ್ಯವಿದ್ಯೆಗೆ ವಿಜಯಪುರವು ಬಾಗಿಲು ತೆರೆದಿರಲಿಲ್ಲವೆಂದು ಹೇಳುವಂತಿಲ್ಲ. ಇಲ್ಲಿನ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ದಖನ್ನಿನ ಪ್ರಸಿದ್ಧ ಇತಿಹಾಸವನ್ನು ಬರೆದ ಮಹಮ್ಮದ್ ಕಾಸಿಂ ಫರಿಶ್ತಾ ವೈದ್ಯನೂ ಆಗಿದ್ದನು. ಇರಾನ್ ಮೂಲದ ಈ ಪಂಡಿತನು ಭಾರತೀಯ ವೈದ್ಯದ ತತ್ತ್ವಗಳನ್ನೂ ಔಷಧಗಳನ್ನೂ ಪಾರಸೀ ಓದುಗರಿಗೆ ತಿಳಿಸಲು ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನು ರಚಿಸಿದನೆಂಬುದು ಈ ಜಿಲ್ಲೆ ಹೆಮ್ಮೆಪಡಬೇಕಾದ, ಆದರೆ ಗೋಳಗುಮ್ಮಟದ ನೆರಳಿನಲ್ಲಿ ಮರೆತುಹೋದ ಸಂಗತಿ. ಯುನಾನಿ ಮತ್ತು ಆಯುರ್ವೇದಗಳು ಹೀಗೆ ಒಂದೇ ನಗರದಲ್ಲಿ ಸಂಧಿಸಿದವು. ಚೀನೀ ಸೂಜಿಚಿಕಿತ್ಸೆಗೆ ಮಾತ್ರ ಅಂಥ ಆಸ್ಥಾನವೂ ಅನುವಾದಕನೂ ದೊರೆಯಲಿಲ್ಲ. ಅದು ಭಾರತಕ್ಕೆ ಬರಲು ಇಪ್ಪತ್ತನೆಯ ಶತಮಾನದ ಒಂದು ಯುದ್ಧ ಬೇಕಾಯಿತು.

1937ರಲ್ಲಿ ಜಪಾನ್ ಚೀನಾದ ಮೇಲೆ ದಾಳಿ ಮಾಡಿದಾಗ ಚೀನೀ ಕಮ್ಯುನಿಸ್ಟರ ಎಂಟನೆಯ ಮಾರ್ಗಸೇನೆಯ ದಂಡನಾಯಕ ಜು ಡೆ ಭಾರತದ ನೆರವನ್ನು ಕೋರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರ ಕರೆಯ ಮೇರೆಗೆ ಹಣ ಕೂಡಿಸಿ ಐವರು ವೈದ್ಯರ ತಂಡವೊಂದನ್ನು ಸಜ್ಜುಗೊಳಿಸಲಾಯಿತು. ಮದನ್ ಅಟಲ್ ಅದರ ಮುಖ್ಯಸ್ಥರು, ನಾಗಪುರದ ಚೋಳ್ಕರ್, ಬಂಗಾಳದ ದೇವೇಶ ಮುಖರ್ಜಿ ಮತ್ತು ಬಿಜಯಕುಮಾರ ಬಸು, ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಉಳಿದ ನಾಲ್ವರು. 1910ರ ಅಕ್ಟೋಬರ್ 10ರಂದು ಸೊಲ್ಲಾಪುರದ ಮರಾಠಿ ಕುಟುಂಬವೊಂದರಲ್ಲಿ ಹುಟ್ಟಿದ ಕೋಟ್ನಿಸ್ ಮುಂಬಯಿಯಲ್ಲಿ ವೈದ್ಯಶಿಕ್ಷಣ ಮುಗಿಸಿದ್ದರು. ಸೊಲ್ಲಾಪುರವೂ ವಿಜಯಪುರವೂ ಆಗ ಒಂದೇ ಮುಂಬಯಿ ಪ್ರಾಂತ್ಯದ ಜಿಲ್ಲೆಗಳು. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯಾದ ಆ ನಗರದಲ್ಲಿ ಕನ್ನಡ, ಮರಾಠಿಗಳು ಎಂದಿನಿಂದಲೂ ಜೊತೆಯಾಗಿ ಬಾಳಿವೆ, ಮತ್ತು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗದಗ–ಹೊಟಗಿ ರೈಲುಮಾರ್ಗ ಹಾಕಿದ ಮೇಲೆ ಇಂಡಿಯ ಕಡೆಯ ಜನರಿಗೆ ಸೊಲ್ಲಾಪುರವು ಮಾರುಕಟ್ಟೆಯೂ ಆಸ್ಪತ್ರೆಯ ಊರೂ ಆಗಿ ಇನ್ನಷ್ಟು ಹತ್ತಿರವಾಯಿತು.

1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗೇರಿದ ಈ ವೈದ್ಯರು 1939ರ ಆರಂಭದಲ್ಲಿ ಕಮ್ಯುನಿಸ್ಟರ ಕೇಂದ್ರವಾಗಿದ್ದ ಯಾನಾನ್ ತಲುಪಿದರು. ಹೆಸರಿನ ಕೊನೆಗೆ ಚೀನಾವನ್ನು ಸೂಚಿಸುವ ‘ಹ್ವಾ’ ಎಂಬ ಅಕ್ಷರವನ್ನು ಸೇರಿಸಿಕೊಂಡು ಕೋಟ್ನಿಸ್ ಅಲ್ಲಿ ‘ಕೆ ದಿಹ್ವಾ’ ಆದರು, ಬಸು ‘ಬಾ ಸುಹ್ವಾ’ ಆದರು. ಮೂವರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದ ಮೇಲೂ ಈ ಇಬ್ಬರು ಉಳಿದರು. ಕೋಟ್ನಿಸ್ ಉತ್ತರ ಚೀನಾದ ರಣರಂಗದ ಬಳಿ ಶಸ್ತ್ರವೈದ್ಯರಾಗಿ ದುಡಿದು, ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದರು. ಅದೇ ವರ್ಷ ದಾದಿಯರ ಶಿಕ್ಷಕಿಯಾಗಿದ್ದ ಗುವೊ ಚಿಂಗ್ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಮಗ ಹುಟ್ಟಿದ ಮೂರು ತಿಂಗಳಿಗೆ, ಡಿಸೆಂಬರ್ 9ರಂದು, ಅಪಸ್ಮಾರದ ಸೆಳೆತಗಳಿಂದ ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ವಿ. ಶಾಂತಾರಾಮರ ಚಲನಚಿತ್ರವು ಅವರ ಬಾಳನ್ನು ಭಾರತದ ಮನೆಮನೆಗೆ ತಲುಪಿಸಿತು.

ಕೋಟ್ನಿಸ್ ಸೂಜಿಚಿಕಿತ್ಸಕರಾಗಿರಲಿಲ್ಲ. ಅವರ ವಿದ್ಯೆ ಆಧುನಿಕ ಶಸ್ತ್ರವೈದ್ಯ. ಆದರೆ ಅವರು ದುಡಿದ ಆ ಪ್ರದೇಶದಲ್ಲಿಯೇ, ದಿಗ್ಬಂಧನದಿಂದಾಗಿ ಔಷಧಗಳಿಗೆ ಬರಗಾಲ ಬಂದಿದ್ದರಿಂದ, ಅಲಕ್ಷ್ಯಕ್ಕೊಳಗಾಗಿದ್ದ ಹಳೆಯ ಸೂಜಿ ಮತ್ತೆ ಆಸ್ಪತ್ರೆಯೊಳಗೆ ಬಂದಿತು. 1944ರಲ್ಲಿ ಕಮ್ಯುನಿಸ್ಟ್ ನಾಯಕ ಮಾವೋ ಆಧುನಿಕ ವೈದ್ಯರೂ ಪಾರಂಪರಿಕ ವೈದ್ಯರೂ ಒಂದಾಗಿ ದುಡಿಯಬೇಕೆಂದು ಕರೆಕೊಟ್ಟರು. ಆಧುನಿಕ ವೈದ್ಯವನ್ನು ಕಲಿತಿದ್ದ ಜು ಲಿಯಾನ್ ಎಂಬ ವೈದ್ಯೆ ಸೂಜಿಚಿಕಿತ್ಸೆಯನ್ನು ಅಭ್ಯಾಸಮಾಡಿ, ಅದನ್ನು ನರಗಳ ಕ್ರಿಯೆಯ ನೆಲೆಯಲ್ಲಿ ವಿವರಿಸುವ ಗ್ರಂಥವೊಂದನ್ನು 1951ರಲ್ಲಿ ಹೊರತಂದರು. ಇಂದು ಜಗತ್ತು ಅಕ್ಯುಪಂಕ್ಚರ್ ಎಂದು ಅರಿತಿರುವುದು ಬಹುಮಟ್ಟಿಗೆ ಈ ಪುನರ್ರಚಿತ ರೂಪವನ್ನೇ. ಸಾವಿರಾರು ವರ್ಷ ಬದಲಾಗದೆ ಉಳಿದ ವಿದ್ಯೆಯೆಂಬ ಪ್ರಚಾರ ನಿಲ್ಲುವುದಿಲ್ಲ.

1943ರಲ್ಲಿ ಭಾರತಕ್ಕೆ ಮರಳಿದ್ದ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ಚಿಕಿತ್ಸೆಯನ್ನು ಕಲಿತು, 1959ರಲ್ಲಿ ಕೊಲ್ಕತ್ತದಲ್ಲಿ ಆರಂಭಿಸಿದರು. ಭಾರತದಲ್ಲಿ ಅಕ್ಯುಪಂಕ್ಚರಿನ ಕ್ರಮಬದ್ಧ ಚರಿತ್ರೆ ತೊಡಗುವುದು ಇಲ್ಲಿಂದ. ಮೂರೇ ವರ್ಷಗಳಲ್ಲಿ ಗಡಿಯ ಯುದ್ಧ ನಡೆದು ಚೀನಾದ ಹೆಸರೆತ್ತುವುದೇ ಕಷ್ಟವಾದ ಕಾಲ ಬಂದರೂ ಅವರು ಈ ಕೆಲಸವನ್ನು ಬಿಡಲಿಲ್ಲ. ಅಗಲಿದ ಗೆಳೆಯನ ಹೆಸರಿನ ಕೋಟ್ನಿಸ್ ಸ್ಮಾರಕ ಸಮಿತಿಯ ಮೂಲಕ ಅವರೂ ಅವರ ಶಿಷ್ಯರೂ ಸೂಜಿಚಿಕಿತ್ಸೆಯನ್ನು ಬಡವರ ನಡುವೆ ಹರಡಿದರು. ಪಂಜಾಬಿನ ಲೂಧಿಯಾನದಲ್ಲಿ ಕೋಟ್ನಿಸರ ಹೆಸರಿನಲ್ಲಿಯೇ ಅಕ್ಯುಪಂಕ್ಚರ್ ಆಸ್ಪತ್ರೆಯೊಂದು ನಡೆದುಬಂದಿದೆ. ಪಶ್ಚಿಮ ಬಂಗಾಳವು 1996ರಲ್ಲಿ ಈ ಚಿಕಿತ್ಸೆಗಾಗಿಯೇ ಕಾಯಿದೆ ಮಾಡಿತು. ಕೇಂದ್ರ ಸರಕಾರವು 2003ರಲ್ಲಿ ಇದನ್ನು ಚಿಕಿತ್ಸಾವಿಧಾನವೆಂದು ಒಪ್ಪಿ, 2019ರಲ್ಲಿ ಸ್ವತಂತ್ರ ಚಿಕಿತ್ಸಾಪದ್ಧತಿಯ ಮಾನ್ಯತೆಯನ್ನು ನೀಡಿತು.

ಕರ್ನಾಟಕದಲ್ಲಿ ಇದು ಹೆಚ್ಚಾಗಿ ಪ್ರಕೃತಿಚಿಕಿತ್ಸೆಯ ಜೊತೆಗೂಡಿ ಬೆಳೆಯಿತು. ಉಜಿರೆಯ ಕಾಲೇಜಿನಂಥ ಸಂಸ್ಥೆಗಳಲ್ಲಿ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಪದವಿಗೆ ಓದುವವರು ಅಕ್ಯುಪಂಕ್ಚರನ್ನೂ ಕಲಿಯುತ್ತಾರೆ. ಬಹುಕಾಲದ ಬೆನ್ನುನೋವು, ಮಂಡಿನೋವು, ತಲೆನೋವುಗಳಿಗೆ ಇದು ಕೆಲವರಿಗೆ ಉಪಶಮನ ಕೊಡುತ್ತದೆಂದು ಪರೀಕ್ಷೆಗಳು ತೋರಿಸಿವೆ. ನಿಜವಾದ ಬಿಂದುಗಳಿಗೂ ತೋರಿಕೆಗೆ ಚುಚ್ಚಿದ ಬೇರೆ ಜಾಗಗಳಿಗೂ ಫಲದಲ್ಲಿ ಹೆಚ್ಚಿನ ಅಂತರವಿಲ್ಲವೆಂಬುದನ್ನೂ ಅವೇ ಪರೀಕ್ಷೆಗಳು ತೋರಿಸಿವೆ. ಸಕ್ಕರೆ ಕಾಯಿಲೆ, ಅರ್ಬುದ, ಕ್ಷಯಗಳನ್ನು ಸೂಜಿಯಿಂದಲೇ ವಾಸಿಮಾಡುತ್ತೇವೆನ್ನುವ ಶಿಬಿರಗಳನ್ನು ನಂಬಿ ಔಷಧ ನಿಲ್ಲಿಸುವುದು ಅಪಾಯಕರ. ಚಿಕಿತ್ಸೆ ಪಡೆಯುವವರು ಸೂಜಿ ಹೊಸದೇ, ಒಮ್ಮೆ ಮಾತ್ರ ಬಳಸುವಂಥದೇ ಎಂದು ಕೇಳಿ ತಿಳಿಯಬೇಕು.

ಸೊಲ್ಲಾಪುರದಲ್ಲಿ ಕೋಟ್ನಿಸರು ಹುಟ್ಟಿ ಬೆಳೆದ ಮನೆಯನ್ನು ಅಲ್ಲಿನ ಮಹಾನಗರಪಾಲಿಕೆಯು ಸ್ಮಾರಕವಾಗಿ ಮಾಡಿದೆ. ಇಂಡಿ, ಸಿಂದಗಿಗಳಿಂದ ಆಸ್ಪತ್ರೆಗೆಂದು ದಿನವೂ ಆ ನಗರಕ್ಕೆ ಹೋಗಿಬರುವ ಕನ್ನಡಿಗರು ಒಮ್ಮೆ ಆ ಮನೆಯನ್ನು ನೋಡಬೇಕು, ಮತ್ತು ಈ ಸೀಮೆಯ ಶಾಲೆಗಳು ತಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು.