ಗಣಕಯಂತ್ರದ ಬೀಸಣಿಗೆ

ಯಂತ್ರ ಯಾವುದೇ ಇರಲಿ, ದುಡಿದರೆ ಬಿಸಿಯಾಗುತ್ತದೆ. ವಾಲ್ವು ರೇಡಿಯೋಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಟೆ ಹೊತ್ತು ಹಾಡಿದ ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ಅದರ ಬೆನ್ನಿನ ರಟ್ಟಿಗೆ ಸಾಲುಸಾಲಾಗಿ ತೂತುಗಳಿರುತ್ತಿದ್ದವು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬಾರದೆಂಬುದು ಮನೆಯವರೆಲ್ಲರೂ ತಿಳಿದಿದ್ದ ಮಾತು. ಒಳಗಿನ ಬಿಸಿಗಾಳಿ ಮೇಲೇರಿ ಹೊರಹೋಗಬೇಕು, ತಂಪುಗಾಳಿ ಕೆಳಗಿನಿಂದ ಒಳಬರಬೇಕು. ಅಷ್ಟೇ ಅಲ್ಲಿಯ ಏರ್ಪಾಡು. ಇಂದು ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ತಿರುಗುವ ಪುಟ್ಟ ಫ್ಯಾನಿಗೂ ಆ ತೂತುಗಳಿಗೂ ಕೆಲಸ ಒಂದೇ. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಚಿಪ್ಪಿನ ಬಿಸಿಯನ್ನು ಹೊರದೂಡುವುದೇ ಅದು.

ಆ ಫ್ಯಾನು ಕೆಟ್ಟುಹೋದಾಗ ಇಲ್ಲವೆ ಗುರುಗುಟ್ಟತೊಡಗಿದಾಗ ನೀವು ಅಂಗಡಿಗೆ ಹೋಗುತ್ತೀರಿ. ಅಲ್ಲಿ ಹತ್ತಾರು ಬಗೆಯ ಫ್ಯಾನುಗಳಿರುತ್ತವೆ. ಯಂತ್ರವನ್ನು ಕಾಪಾಡುವುದು ಯಾವುದು, ಕಿವಿಗೆ ಹಿತವಾಗಿರುವುದು ಯಾವುದು? ಈ ಎರಡು ಗುಣಗಳನ್ನು ಒಂದೆಡೆ ಕೂಡಿಸಲು ಬಹಳ ಜಾಣರೇ ಹೆಣಗಿದ್ದಾರೆ. ಕೆಲವರು ಸೋತೂ ಇದ್ದಾರೆ. ಅವರ ಸೋಲುಗೆಲುವುಗಳ ಕಥೆಯನ್ನು ತಿಳಿದರೆ ನಿಮ್ಮ ಆಯ್ಕೆ ಸುಲಭವಾಗುತ್ತದೆ.

1946ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ 'ಎನಿಯಾಕ್' ಎಂಬ ಗಣಕಯಂತ್ರವನ್ನು ಲೋಕಕ್ಕೆ ತೋರಿಸಿದರು. ಎಕರ್ಟ್ ಮತ್ತು ಮೌಕ್ಲಿ ಎಂಬಿಬ್ಬರು ಅದರ ನಿರ್ಮಾಪಕರು. ನಮ್ಮ ರೇಡಿಯೋದಲ್ಲಿ ಐದಾರು ವಾಲ್ವುಗಳಿದ್ದರೆ ಎನಿಯಾಕಿನಲ್ಲಿ ಸುಮಾರು 18,000 ಇದ್ದವು. ಅದು ಬಳಸುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಹೀಗೆ ಒಳಹೊಕ್ಕ ವಿದ್ಯುತ್ತೆಲ್ಲ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳಬೇಕು. ಆದ್ದರಿಂದ ದೊಡ್ಡ ಊದುಯಂತ್ರಗಳಿಂದ ಗಾಳಿಯನ್ನು ನುಗ್ಗಿಸಿ ಅದನ್ನು ತಣಿಸಬೇಕಾಯಿತು. ಬಿಸಿ ಮಿತಿಮೀರಿದರೆ ತಾನಾಗಿ ವಿದ್ಯುತ್ತನ್ನು ಕಡಿಯುವ ಸಾಧನಗಳನ್ನೂ ಅಳವಡಿಸಿದ್ದರು. ಸದ್ದಿನ ಚಿಂತೆ ಆಗ ಯಾರಿಗೂ ಇರಲಿಲ್ಲ. ಅದು ಪ್ರಯೋಗಶಾಲೆಯ ಯಂತ್ರ, ಪಡಸಾಲೆಯದಲ್ಲ.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವಿನಂತೆ ಕಾಯಿಸಬೇಕಾದ ತಂತಿ ಅದರಲ್ಲಿರಲಿಲ್ಲ. ಇನ್ನು ಶಾಖದ ಕಾಟ ತೀರಿತು ಎನ್ನಿಸುವಂತಿತ್ತು. 1971ರಲ್ಲಿ ಇಂಟೆಲ್ ಕಂಪನಿ 2,300 ಟ್ರಾನ್ಸಿಸ್ಟರುಗಳನ್ನು ಒಂದೇ ಚಿಪ್ಪಿನಲ್ಲಿ ಅಡಕಮಾಡಿ '4004' ಎಂಬ ಪ್ರೊಸೆಸರನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಫ್ಯಾನು ಬೇಕಾಗಿರಲಿಲ್ಲ. 1981ರಲ್ಲಿ ಬಂದ ಐಬಿಎಂ ಕಂಪನಿಯ ಪಿಸಿಯಲ್ಲಿಯೂ ವಿದ್ಯುತ್ತು ಪೂರೈಸುವ ಡಬ್ಬಿಗೆ ಮಾತ್ರ ಒಂದು ಫ್ಯಾನು ಇತ್ತು. ಪ್ರೊಸೆಸರು ಬರಿಮೈಯಲ್ಲೇ ಇತ್ತು.

ಗಣಕವು ಮನೆಯನ್ನು ಹೊಕ್ಕ ಮೇಲೆ ಸದ್ದಿನ ಪ್ರಶ್ನೆ ಎದ್ದಿತು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರಿಗೆ ಫ್ಯಾನಿನ ಸದ್ದೆಂದರೆ ಆಗುತ್ತಿರಲಿಲ್ಲ. 1980ರಲ್ಲಿ ಹೊರಬಂದ 'ಆಪಲ್ 3' ಯಂತ್ರಕ್ಕೆ ಫ್ಯಾನನ್ನೇ ಇಡಲಿಲ್ಲ. ಎರಕದ ಅಲ್ಯುಮಿನಿಯಂ ತಳವೇ ಶಾಖವನ್ನು ಹೀರಿ ಹೊರಬಿಡಲಿ ಎಂಬುದು ಎಣಿಕೆ. ಮೊದಮೊದಲ ಯಂತ್ರಗಳು ಒಂದರ ಹಿಂದೊಂದು ಕೈಕೊಟ್ಟವು. ಕಾರಣ ಶಾಖವೊಂದೇ ಅಲ್ಲ. ಒಳಗಿನ ಹಲಗೆ ಇಕ್ಕಟ್ಟಾಗಿತ್ತು, ಚಿಪ್ಪುಗಳೂ ತಮ್ಮ ಕುಳಿಗಳಿಂದ ಸಡಿಲವಾಗುತ್ತಿದ್ದವು. ಯಂತ್ರವನ್ನು ಎರಡು ಮೂರು ಅಂಗುಲ ಮೇಲೆತ್ತಿ ಮೇಜಿನ ಮೇಲೆ ಕುಕ್ಕಿದರೆ ಸರಿಹೋದೀತು ಎಂದು ಕಂಪನಿಯವರೇ ಗಿರಾಕಿಗಳಿಗೆ ಹೇಳಬೇಕಾಗಿ ಬಂತು! ಮುಂದೆ ಅದನ್ನು ತಿದ್ದಿದರಾದರೂ ಹೋದ ಹೆಸರು ಮರಳಲಿಲ್ಲ. 1984ರಲ್ಲಿ ಅದರ ಮಾರಾಟ ನಿಂತಿತು. ಅದೇ ವರ್ಷ ಬಂದ 'ಮ್ಯಾಕಿಂಟಾಷ್' ಕೂಡ ಫ್ಯಾನಿಲ್ಲದ್ದೇ. ಆ ವಂಶಕ್ಕೆ ಫ್ಯಾನು ಬಂದದ್ದು 1987ರ 'ಎಸ್‌ಇ' ಮಾದರಿಯಲ್ಲಿ. ಆ ಫ್ಯಾನಿನ ಗಲಾಟೆಗೆ ಜನ ಗೊಣಗಿದ್ದರಿಂದ ಸ್ವಲ್ಪ ಕಾಲದಲ್ಲೇ ಅದನ್ನು ಬದಲಿಸಿ ಮೆತ್ತಗಿನದನ್ನು ಹಾಕಿದರು. ಶಾಖಕ್ಕೆ ದಾರಿ ಬಿಡದೆ ಮೌನವನ್ನು ಕೊಳ್ಳಲಾಗದು. ಇದು ಈ ಅಧ್ಯಾಯದ ಪಾಠ.

ಇದಕ್ಕೆ ತಿರುಗುಮುರುಗಾದ ತಪ್ಪು ಮುಂದಿನ ದಶಕದಲ್ಲಿ ನಡೆಯಿತು. 1993ರ 'ಪೆಂಟಿಯಂ' ಪ್ರೊಸೆಸರಿನ ಶಾಖ 16 ವಾಟಿನವರೆಗೆ ಏರಿತು. ಹೆಬ್ಬೆರಳಿನಷ್ಟು ಜಾಗದಲ್ಲಿ ಅಷ್ಟು ಶಾಖವೆಂದರೆ ಕಡಿಮೆಯಲ್ಲ. ಚಿಪ್ಪಿನ ಮೇಲೆ ಸಾಲು ರೆಕ್ಕೆಗಳುಳ್ಳ ಅಲ್ಯುಮಿನಿಯಂ ಗಟ್ಟಿಯೊಂದನ್ನು ಕೂರಿಸಿ, ಅದರ ನೆತ್ತಿಗೆ ಪುಟ್ಟ ಫ್ಯಾನು ಹಾಕುವುದು ಆ ಕಾಲದಲ್ಲಿ ರೂಢಿಯಾಯಿತು. ಆ ಗಟ್ಟಿಗೆ ಹೀಟ್‌ಸಿಂಕ್ ಎಂದು ಹೆಸರು. ಶಾಖ ಏರಿದಷ್ಟೂ ಫ್ಯಾನಿನ ವೇಗವನ್ನು ಏರಿಸುತ್ತ ಹೋದರು. 2000ನೆಯ ಇಸವಿಯ ಸುಮಾರಿಗೆ ಕೇವಲ 60 ಮಿಲಿಮೀಟರ್ ಅಗಲದ, ನಿಮಿಷಕ್ಕೆ 7,000 ಸುತ್ತು ತಿರುಗುವ ಫ್ಯಾನುಗಳು ಅಂಗಡಿಗೆ ಬಂದವು. ಅವುಗಳ ಚೀರಾಟದಲ್ಲಿ ಪಕ್ಕದಲ್ಲಿದ್ದವರ ಮಾತೂ ಕೇಳಿಸದು.

ಅಷ್ಟಾದರೂ ಯಂತ್ರ ಸುರಕ್ಷಿತವಾಗಿತ್ತೇ? 2001ರಲ್ಲಿ 'ಟಾಮ್ಸ್ ಹಾರ್ಡ್‌ವೇರ್' ಎಂಬ ಗಣಕ ಪತ್ರಿಕೆಯವರು ಒಂದು ಪರೀಕ್ಷೆ ಮಾಡಿ ಚಿತ್ರೀಕರಿಸಿದರು. ಕೆಲಸ ನಡೆದಿರುವಾಗಲೇ ಹೀಟ್‌ಸಿಂಕನ್ನು ಕಿತ್ತು ತೆಗೆದರು. ಎಎಂಡಿ ಕಂಪನಿಯ 'ಅಥ್ಲಾನ್' ಪ್ರೊಸೆಸರು ಕ್ಷಣಗಳಲ್ಲಿ ಹೊಗೆಯಾಡಿ ಸತ್ತಿತು. ಇಂಟೆಲ್‌ನ 'ಪೆಂಟಿಯಂ 4' ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕಿತು. ಎನಿಯಾಕಿನಲ್ಲಿದ್ದ ಆ ಹಳೆಯ ಎಚ್ಚರಿಕೆ ಎಷ್ಟು ಮುಖ್ಯವೆಂಬುದನ್ನು ಜನ ಆಗ ಕಣ್ಣಾರೆ ಕಂಡರು. ಇಂದಿನ ಪ್ರೊಸೆಸರುಗಳಿಗೆಲ್ಲ ಈ ಆತ್ಮರಕ್ಷಣೆಯ ಗುಣ ಇದೆ.

ಆದರೆ 'ಪೆಂಟಿಯಂ 4' ಕೂಡ ಶಾಖದ ಮುಂದೆ ಮಂಡಿಯೂರಬೇಕಾಯಿತು. 2004ರ ವೇಳೆಗೆ ಅದರ ಕೆಲವು ಮಾದರಿಗಳು 115 ವಾಟಿನವರೆಗೆ ಕಾಯುತ್ತಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಇಂಟೆಲ್ ತನ್ನ ಮುಂದಿನ 'ತೇಹಾಸ್' ಪ್ರೊಸೆಸರಿನ ಯೋಜನೆಯನ್ನೇ ಕೈಬಿಟ್ಟಿತು. ಒಂದೇ ತಲೆಯನ್ನು ಓಡಿಸುವ ಬದಲು, ನಿಧಾನವಾದ ಎರಡು ತಲೆಗಳನ್ನು ಜೋಡಿಸುವ ಹಾದಿ ಹಿಡಿಯಿತು. ಒಂದು ಉದ್ಯಮದ ದಿಕ್ಕನ್ನೇ ಶಾಖ ತಿರುಗಿಸಿತು.

ಫ್ಯಾನಿನ ಸಮಸ್ಯೆಗೆ ಪರಿಹಾರ ಇನ್ನೊಂದು ಕಡೆಯಿಂದ ಬಂದಿತು. ಅಗಲ ಇಮ್ಮಡಿಯಾದರೆ, ಅದೇ ವೇಗದಲ್ಲಿ ಫ್ಯಾನು ಎಂಟು ಪಟ್ಟು ಗಾಳಿಯನ್ನು ನೂಕಬಲ್ಲುದು. ಎಂದರೆ 60 ಮಿಲಿಮೀಟರಿನ ಫ್ಯಾನು 7,000 ಸುತ್ತಿನಲ್ಲಿ ಮಾಡುವ ಕೆಲಸವನ್ನು 120 ಮಿಲಿಮೀಟರಿನದು ಲೆಕ್ಕಕ್ಕೆ 900 ಸುತ್ತಿನಲ್ಲೇ ಮಾಡೀತು. ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆಂದ ಮೇಲೆ ಲಾಭ ಎಷ್ಟೆಂದು ನೀವೇ ಊಹಿಸಿರಿ. ತೊಡಕು ಒಂದೇ: ನಿಧಾನದ ಗಾಳಿಗೆ ಒತ್ತಡ ಕಡಿಮೆ, ಒತ್ತಾದ ರೆಕ್ಕೆಗಳ ನಡುವೆ ಅದು ನುಗ್ಗದು. ರೆಕ್ಕೆಗಳು ಅಗಲವಾಗಿ, ಬಿಡಿಬಿಡಿಯಾಗಿ ಇರಬೇಕು. ಆದರೆ ಪುಟ್ಟ ಚಿಪ್ಪಿನ ಶಾಖ ಅಷ್ಟು ದೂರದ ರೆಕ್ಕೆಗಳನ್ನು ಮುಟ್ಟುವುದು ಹೇಗೆ?

ಇಲ್ಲಿ ನೆರವಾದದ್ದು ಶಾಖನಳಿಕೆ. ಅಮೆರಿಕೆಯ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ಮಾಡಿ ತೋರಿಸಿದ್ದರು. ಕಂಪ್ಯೂಟರಿಗೆ ಬಳಸುವ ನಳಿಕೆ ತಾಮ್ರದ್ದು. ಗಾಳಿ ತೆಗೆದು, ತುಸು ನೀರು ಹಾಕಿ, ಎರಡೂ ತುದಿ ಮುಚ್ಚಿರುತ್ತದೆ. ಬಿಸಿಯ ತುದಿಯಲ್ಲಿ ನೀರು ಆವಿಯಾಗಿ ತಂಪಿನ ತುದಿಗೆ ಓಡುತ್ತದೆ. ಅಲ್ಲಿ ಶಾಖವನ್ನಿಳಿಸಿ, ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ದೀಪದ ಬತ್ತಿ ಎಣ್ಣೆಯನ್ನೇರಿಸುವ ತತ್ತ್ವವೇ ಇದು. ಈ ನಳಿಕೆಗಳು ಬಂದ ಬಳಿಕ ದೊಡ್ಡ ಹೀಟ್‌ಸಿಂಕ್, ದೊಡ್ಡ ಫ್ಯಾನು, ನಿಧಾನದ ಗತಿ ಮೂರೂ ಕೂಡಿಬಂದವು.

ಈ ಇತಿಹಾಸವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ನಡೆಯಿರಿ. ಮೊದಲು ನಿಮ್ಮ ಪ್ರೊಸೆಸರು ಎಷ್ಟು ವಾಟಿನದೆಂದು ನೋಡಿ, ಅದಕ್ಕಿಂತ ಹೆಚ್ಚು ಶಾಖವನ್ನು ತಾಳಬಲ್ಲ ಹೀಟ್‌ಸಿಂಕನ್ನೇ ಕೇಳಿರಿ. ಫ್ಯಾನು ಎಷ್ಟೇ ಬೀಸಿದರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ 40 ಡಿಗ್ರಿಯ ಗಾಳಿಯೇ ಒಳಹೋಗುವುದರಿಂದ ಅಲ್ಲಿಯವರು ಇನ್ನಷ್ಟು ಧಾರಾಳವಾಗಿರಬೇಕು. ಪೆಟ್ಟಿಗೆಯಲ್ಲಿ ಹಿಡಿಸುವುದಾದರೆ 120 ಮಿಲಿಮೀಟರಿನ ಫ್ಯಾನು ಲೇಸು. ದೊಡ್ಡ ಹೀಟ್‌ಸಿಂಕ್ ಒಂದು ಕಿಲೋ ತೂಗುವುದುಂಟು. ಅದಕ್ಕೆ ಹಿಂಬದಿಯ ಆಧಾರಫಲಕ ಇರಲಿ, ಯಂತ್ರವನ್ನು ಊರಿಂದೂರಿಗೆ ಸಾಗಿಸುವಾಗ ಅದನ್ನು ಬಿಚ್ಚಿಡಿ.

ನಾಲ್ಕು ತಂತಿಯ ಫ್ಯಾನನ್ನೇ ಕೊಳ್ಳಿರಿ. ಎರಡು ತಂತಿ ವಿದ್ಯುತ್ತಿಗೆ. ಮೂರನೆಯದು ಫ್ಯಾನು ತಿರುಗುತ್ತಿದೆಯೇ ಎಂಬ ಸುದ್ದಿಯನ್ನು ಯಂತ್ರಕ್ಕೆ ಮುಟ್ಟಿಸುತ್ತದೆ. ಸುರಕ್ಷಿತತೆಯ ತಂತಿ ಅದೇ. ನಾಲ್ಕನೆಯದು ಶಾಖಕ್ಕೆ ತಕ್ಕಂತೆ ವೇಗವನ್ನು ಏರಿಳಿಸುತ್ತದೆ. ಅದರ ಸಂಕೇತ ಸೆಕೆಂಡಿಗೆ 25,000 ಬಾರಿ ಮಿಡಿಯುವುದರಿಂದ ಮನುಷ್ಯನ ಕಿವಿಗೆ ಎಟುಕದು. ಇನ್ನು ಅಚ್ಚಿನ ಆಧಾರ, ಅಂದರೆ ಬೇರಿಂಗು. ಸಾದಾ ತೋಳಿನ ಬೇರಿಂಗು ಅಗ್ಗ; ಮೊದಲಿಗೆ ಮೆತ್ತಗಿದ್ದು ಎಣ್ಣೆ ಒಣಗಿದಂತೆ ಕಿರುಗುಟ್ಟುತ್ತದೆ. ಗುಂಡಿನ ಬೇರಿಂಗು ಬಾಳಿಕೆಯದು, ತುಸು ಸದ್ದಿನದು. ದ್ರವದ ಪದರದ ಮೇಲೆ ತಿರುಗುವ ಬೇರಿಂಗಿನಲ್ಲಿ ಎರಡು ಗುಣವೂ ಇವೆ. ಬೆಲೆ ಮಾತ್ರ ಹೆಚ್ಚು. ರಟ್ಟಿನ ಮೇಲೆ ಅಚ್ಚಾದ ಡೆಸಿಬೆಲ್ ಸಂಖ್ಯೆಗೆ ಮರುಳಾಗಬೇಡಿ. ತಯಾರಕರು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅಳೆಯುವುದರಿಂದ ಒಬ್ಬರದನ್ನು ಇನ್ನೊಬ್ಬರದರೊಡನೆ ಹೋಲಿಸುವುದು ಸಲ್ಲದು.

ಮನೆಗೆ ತಂದ ಮೇಲೆ ವಿದ್ಯುತ್ತನ್ನು ಕಡಿದೇ ಕೆಲಸಕ್ಕೆ ಕೈಹಾಕಿ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಶಾಖದ ಲೇಪವನ್ನು ತೆಳ್ಳಗೆ ಹಚ್ಚಿ. ಕೆಲವು ತಿಂಗಳಿಗೊಮ್ಮೆ ರೆಕ್ಕೆಗಳ ನಡುವಿನ ಧೂಳನ್ನು ತೆಗೆಯಿರಿ. ಧೂಳು ಕಟ್ಟಿದರೆ ಎಂಥ ಒಳ್ಳೆಯ ಫ್ಯಾನೂ ವೇಗ ಹೆಚ್ಚಿಸಿ ಅರಚಲೇಬೇಕು. ಕಡೆಯದಾಗಿ, ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ವಾಲ್ವು ರೇಡಿಯೋದ ಕಾಲದ ಆ ಬುದ್ಧಿಮಾತು ಇಂದಿಗೂ ಸಲ್ಲುತ್ತದೆ.