ಆನ್‌ಲೈನ್ ಹಣದಾಟಗಳ ಪಾವತಿ: ಕರಡು ನಿಯಮಗಳಿಗೆ ಆಕ್ಷೇಪಣೆ ಹಾಗೂ ಸಲಹೆ ಸಲ್ಲಿಸುವ ಕುರಿತು ಮಾಹಿತಿ

1. ಹಿನ್ನೆಲೆ

ಆನ್‌ಲೈನ್ ಆಟಗಳ ಪ್ರೋತ್ಸಾಹ ಮತ್ತು ನಿಯಂತ್ರಣ ಅಧಿನಿಯಮ, 2025ಕ್ಕೆ ರಾಷ್ಟ್ರಪತಿಯವರ ಅಂಕಿತವು 2025ರ ಆಗಸ್ಟ್ 22ರಂದು ದೊರೆತಿರುತ್ತದೆ. ಹಣ ತೊಡಗಿಸಿ ಆಡುವ ಆಟವು ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಅದನ್ನು ಒದಗಿಸುವುದನ್ನು 5ನೇ ಪ್ರಕರಣವು ನಿಷೇಧಿಸಿದೆ. ಅಂತಹ ಆಟಗಳ ಪಾವತಿಗೆ ಬ್ಯಾಂಕುಗಳು ಹಾಗೂ ಹಣಕಾಸು ಸಂಸ್ಥೆಗಳು ಅನುಕೂಲ ಕಲ್ಪಿಸತಕ್ಕದ್ದಲ್ಲ ಎಂದು 7ನೇ ಪ್ರಕರಣವು ವಿಧಿಸಿದೆ. ಇದರ ಉಲ್ಲಂಘನೆಗೆ 3 ವರ್ಷಗಳವರೆಗೆ ಕಾರಾವಾಸ, 1 ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಈ ಅಧಿನಿಯಮದ ಕರಡು ನಿಯಮಗಳನ್ನು ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ, ಅದೇ ತಿಂಗಳ 31ರವರೆಗೆ ಸಲಹೆಗಳನ್ನು ಆಹ್ವಾನಿಸಿತ್ತು.

2. ಯಾವ ಕೋರಿಕೆಯನ್ನು ಎಲ್ಲಿ ಸಲ್ಲಿಸಬೇಕು?

ನಿಷೇಧವನ್ನೇ ವಿರೋಧಿಸಬೇಕೇ ಅಥವಾ ಜಾರಿಯ ಕ್ರಮದಲ್ಲಿ ಮಾರ್ಪಾಡು ಕೋರಬೇಕೇ ಎಂಬ ಪ್ರಶ್ನೆ ಇಂತಹ ಸಂದರ್ಭಗಳಲ್ಲಿ ಉದ್ಭವಿಸುತ್ತದೆ. ಅಧಿನಿಯಮವು ನಿಷೇಧಿಸಿರುವುದನ್ನು ನಿಯಮಗಳು ಅನುಮತಿಸಲಾರವು. ಆದ್ದರಿಂದ ನಿಷೇಧ ರದ್ದತಿಯ ಕೋರಿಕೆಯು ಕರಡು ನಿಯಮಗಳ ಹಂತದಲ್ಲಿ ಫಲ ನೀಡುವುದಿಲ್ಲ. ಅದಕ್ಕೆ ಸಂಸತ್ತು ಅಥವಾ ನ್ಯಾಯಾಲಯವೇ ಮಾರ್ಗ. ಕರ್ನಾಟಕ ಪೊಲೀಸು (ತಿದ್ದುಪಡಿ) ಅಧಿನಿಯಮ, 2021ರಲ್ಲಿ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ಉಪಬಂಧಗಳನ್ನು 2022ರ ಫೆಬ್ರವರಿ 14ರಂದು ರದ್ದುಪಡಿಸಿದ್ದು ಮಾನ್ಯ ಉಚ್ಚ ನ್ಯಾಯಾಲಯವೇ ಆಗಿದೆ.

3. ಅಮೆರಿಕದ ಅನುಭವ

ಅಂತರಜಾಲ ಜೂಜಿನ ಪಾವತಿಗಳನ್ನು ತಡೆಯುವ ಕಾನೂನನ್ನು ಅಮೆರಿಕವು 2006ರಲ್ಲಿ ರೂಪಿಸಿತು. 2007ರಲ್ಲಿ ಕರಡು ನಿಯಮಗಳು ಪ್ರಕಟವಾದಾಗ, ಯಾವ ಜೂಜು ಕಾನೂನುಬಾಹಿರವೆಂಬುದನ್ನು ಸ್ಪಷ್ಟಪಡಿಸುವಂತೆ ಬ್ಯಾಂಕುಗಳು ಕೋರಿದವು. 2008ರ ಅಂತಿಮ ನಿಯಮಗಳಲ್ಲಿ ಅಂತಹ ವ್ಯಾಖ್ಯೆಯನ್ನು ನೀಡಲಿಲ್ಲ. ಆದರೆ ಪಾಲನೆಗೆ 12 ತಿಂಗಳ ಹೆಚ್ಚುವರಿ ಕಾಲಾವಕಾಶ ಕೋರಿ ಪೋಕರ್ ಆಟಗಾರರ ಹಾಗೂ ಕುದುರೆ ಪಂದ್ಯದ ಸಂಘಗಳು ಸಲ್ಲಿಸಿದ ಮನವಿಗೆ 6 ತಿಂಗಳ ಅವಕಾಶ ದೊರೆತು, ಗಡುವು 2010ರ ಜೂನ್ 1ಕ್ಕೆ ಮುಂದೂಡಲ್ಪಟ್ಟಿತು. ನಿಯಮ ರೂಪಿಸುವ ಪ್ರಾಧಿಕಾರದ ಅಧಿಕಾರ ವ್ಯಾಪ್ತಿಯಲ್ಲಿರುವುದನ್ನು ಕೋರಿದಲ್ಲಿ ಭಾಗಶಃವಾದರೂ ಪರಿಹಾರ ದೊರೆಯಬಹುದೆಂಬುದು ಇದರಿಂದ ತಿಳಿದುಬರುತ್ತದೆ.

4. ಮನವಿ ಸಿದ್ಧಪಡಿಸುವಾಗ ಗಮನಿಸಬೇಕಾದ ಅಂಶಗಳು

ಅ) ಆಕ್ಷೇಪಣೆಯ ನಿಯಮದ ಸಂಖ್ಯೆಯನ್ನು ನಮೂದಿಸಿ, ಬದಲಿ ವಾಕ್ಯವನ್ನು ಸೂಚಿಸತಕ್ಕದ್ದು.

ಆ) ಖಾತೆಯಲ್ಲಿ ಉಳಿದ ಹಣದ ಮರುಪಾವತಿ, ತಪ್ಪಾಗಿ ತಡೆಹಿಡಿದ ಪಾವತಿಯ ಬಿಡುಗಡೆ, ದೂರು ಇತ್ಯರ್ಥದ ಕಾಲಮಿತಿ ಮುಂತಾದ ನಿರ್ದಿಷ್ಟ ವಿಷಯಗಳಿಗೆ ಆದ್ಯತೆ ನೀಡುವುದು ಸೂಕ್ತ.

ಇ) ಸಾಲ ಮತ್ತು ವ್ಯಸನದಿಂದ ನೊಂದ ಕುಟುಂಬಗಳೂ ಬಿಗಿಯಾದ ಕ್ರಮಗಳನ್ನು ಕೋರಿ ಸಲಹೆ ಸಲ್ಲಿಸಬಹುದು.

ಈ) ಒಂದೇ ಒಕ್ಕಣೆಯ ಅನೇಕ ಪ್ರತಿಗಳಿಗಿಂತ ಸ್ವಂತ ಅನುಭವವನ್ನು ವಿವರಿಸುವ ಒಂದು ಪತ್ರವು ಹೆಚ್ಚು ಉಪಯುಕ್ತ.

ಉ) ಬ್ಯಾಂಕ್ ಖಾತೆ ಸಂಖ್ಯೆ, ಗುಪ್ತಪದ ಮುಂತಾದವನ್ನು ಮನವಿಯಲ್ಲಿ ನಮೂದಿಸಬಾರದು.

ಕರಡು ಅಧಿಸೂಚನೆಯಲ್ಲಿ ತಿಳಿಸಿದ ಅಂತಿಮ ದಿನಾಂಕದೊಳಗೆ ಮನವಿ ಸಲ್ಲಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.